ಬೆಂಕಿಪುರದ ಕುಲುಮೆ: ಸರ್ ಎಂ. ವಿಶ್ವೇಶ್ವರಯ್ಯನವರ ಕಬ್ಬಿಣದ ಸಾಹಸ

ಬೆಂಗಳೂರಿನಿಂದ ಹೊಸೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬೊಮ್ಮನಹಳ್ಳಿಯನ್ನು ದಾಟಿದ ಮೇಲೆ ಸಿಂಗಸಂದ್ರವೆಂಬ ಊರು ದೊರೆಯುತ್ತದೆ. ಒಂದು ಕಾಲಕ್ಕೆ ಕೆರೆಯನ್ನೂ ರಾಗಿಯ ಹೊಲಗಳನ್ನೂ ನಂಬಿ ಬದುಕುತ್ತಿದ್ದ ಈ ಗ್ರಾಮದ ಸುತ್ತಮುತ್ತ ಇಂದು ಕಾರ್ಖಾನೆಗಳೂ ಲೇತುಯಂತ್ರದ ಸಣ್ಣ ಸಣ್ಣ ಕಾರ್ಯಾಗಾರಗಳೂ ಬೆಳೆದು ನಿಂತಿವೆ. ದಕ್ಷಿಣಕ್ಕೆ 1978ರಲ್ಲಿ ಸ್ಥಾಪನೆಗೊಂಡ ಎಲೆಕ್ಟ್ರಾನಿಕ್ ಸಿಟಿ, ಅದರಾಚೆಗೆ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ. ಇಲ್ಲಿಯ ಕಾರ್ಯಾಗಾರಗಳಲ್ಲಿ ಉಕ್ಕು, ಹಿತ್ತಾಳೆ, ಅಲ್ಯೂಮಿನಿಯಂಗಳನ್ನು ಕೊರೆದು, ತಿರುಗಿಸಿ, ನಯಗೊಳಿಸಿ ಯಂತ್ರಗಳ ಬಿಡಿಭಾಗಗಳನ್ನು ಮಾಡುವ ನೂರಾರು ಕೈಗಳಿವೆ. ದೂರದ ಯಾವುದೋ ದೇಶದ ರಾಜಧಾನಿಯಲ್ಲಿ ಲೋಹದ ಮೇಲಣ ಸುಂಕವು ಏರಿತೆಂದರೆ ಅದರ ಬಿಸಿಯು ಈ ಕೈಗಳಿಗೂ ತಟ್ಟುತ್ತದೆ. ಲೋಹ, ಸುಂಕ, ದೇಶದ ಭದ್ರತೆ ಎಂಬ ಈ ಮೂರರ ಸಂಬಂಧವನ್ನು ಕನ್ನಡನಾಡಿನಲ್ಲಿ ಬಹು ಹಿಂದೆಯೇ ಚಿಂತಿಸಿ, ಅದಕ್ಕಾಗಿ ಬದುಕಿನ ಬಹುಭಾಗವನ್ನು ಸವೆಸಿದ ಮಹನೀಯರೊಬ್ಬರಿದ್ದರು. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರನ್ನು ಕನ್ನಂಬಾಡಿಯ ಕಟ್ಟೆಯ ಮೂಲಕ ಅರಿಯದವರಿಲ್ಲ. ಭದ್ರಾವತಿಯ ಕುಲುಮೆಯ ಮೂಲಕ ಅರಿತವರು ಕಡಿಮೆ.

ಕನ್ನಡಿಗರಿಗೆ ಕಬ್ಬಿಣವು ಹೊಸದಲ್ಲ. ಮಾಗಡಿ, ಚನ್ನಪಟ್ಟಣ, ಚಿತ್ರದುರ್ಗದ ಗಟ್ಟಿಹೊಸಹಳ್ಳಿ ಮೊದಲಾದ ಕಡೆಗಳಲ್ಲಿ ಮಣ್ಣಿನ ಕುಲುಮೆಗಳನ್ನು ಕಟ್ಟಿ, ತಿದಿಯನ್ನೊತ್ತಿ, ಅದಿರನ್ನು ಕರಗಿಸುವ ಕುಶಲಿಗಳು ತಲೆತಲಾಂತರದಿಂದ ಇದ್ದರು. ಯುರೋಪಿನವರು ಬೆರಗಾಗಿ ನೋಡಿದ ವೂಟ್ಸ್ ಎಂಬ ಲೋಹದ ಹೆಸರು ನಮ್ಮ ಉಕ್ಕು ಎಂಬ ಶಬ್ದದಿಂದಲೇ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚಾರವನ್ನು ಆರಂಭಿಸಿದ ಫ್ರಾನ್ಸಿಸ್ ಬುಕಾನನ್ ಇಂತಹ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ಮುಂದಿನ ನೂರು ವರ್ಷಗಳಲ್ಲಿ ಈ ಕುಲುಮೆಗಳು ಒಂದೊಂದಾಗಿ ತಣ್ಣಗಾದುವು. ಯಂತ್ರಬಲದಿಂದ ತಯಾರಾದ ಇಂಗ್ಲೆಂಡಿನ ಅಗ್ಗದ ಕಬ್ಬಿಣವು ಹಡಗುಗಳಲ್ಲಿ ಬಂದಿಳಿಯಿತು. ಅದನ್ನು ತಡೆಯಬಲ್ಲ ಸುಂಕವನ್ನು ವಿಧಿಸುವ ಅಧಿಕಾರವು ಈ ನಾಡಿನವರ ಕೈಯಲ್ಲಿರಲಿಲ್ಲ. ಅತ್ತ ಅರಣ್ಯದ ಕಟ್ಟಳೆಗಳಿಂದ ಇದ್ದಿಲೂ ದುರ್ಲಭವಾಯಿತು. ನೇಗಿಲ ಕುಳದಿಂದ ಹಿಡಿದು ಸೇತುವೆಯ ತೊಲೆಯವರೆಗೆ ಎಲ್ಲಕ್ಕೂ ಪರದೇಶದ ಲೋಹವನ್ನೇ ನಂಬಬೇಕಾದ ಕಾಲವು ಬಂದೊದಗಿತು.

ಇಂತಹ ಕಾಲದಲ್ಲಿ, 1860ರ ದಶಕದ ಆರಂಭದಲ್ಲಿ, ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಪೂರ್ವಿಕರು ತೆಲುಗು ನಾಡಿನ ಮೋಕ್ಷಗುಂಡವೆಂಬ ಊರಿನವರಾದುದರಿಂದ ಆ ಹೆಸರು ಮನೆತನಕ್ಕೆ ಅಂಟಿಕೊಂಡಿತು. ಬಾಲ್ಯದಲ್ಲಿಯೇ ಪಿತೃವಿಯೋಗವಾದುದರಿಂದ ಸಂಸಾರಕ್ಕೆ ಬಡತನವು ಒದಗಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಒಂದು ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತಾವೇ ಸಂಪಾದಿಸಿಕೊಂಡರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ದೊರೆತು, ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದು ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾದರು.

ಮುಂಬಯಿ ಪ್ರಾಂತ್ಯದಲ್ಲಿ ಅವರು ಮಾಡಿದ ಕೆಲಸಗಳು ಬಹುವಾಗಿವೆ. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರ ಪ್ರತಿಭೆಯ ಫಲ. ಆದರೆ ಈ ಚರಿತ್ರೆಗೆ ಹೆಚ್ಚು ಸಂಬಂಧಿಸಿದುದು 1898ರಲ್ಲಿ ಅವರು ಕೈಗೊಂಡ ಜಪಾನ್ ಪ್ರವಾಸ. ಕೆಲವೇ ದಶಕಗಳ ಹಿಂದೆ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿದ್ದ ದ್ವೀಪರಾಜ್ಯವೊಂದು ಶಾಲೆ, ಕಾರ್ಖಾನೆ, ರೈಲು, ಹಡಗುಕಟ್ಟೆಗಳನ್ನು ಕಟ್ಟಿಕೊಂಡು ಪಾಶ್ಚಾತ್ಯರಿಗೆ ಸರಿಸಮನಾಗಿ ನಿಲ್ಲಲು ಸಿದ್ಧವಾಗುತ್ತಿದ್ದುದನ್ನು ಅವರು ಅಲ್ಲಿ ಕಂಡರು. ಏಷ್ಯಾಖಂಡದ ಜನರಿಗೆ ಯಂತ್ರೋದ್ಯಮವು ಒಗ್ಗದೆಂಬ ಮಾತು ಸುಳ್ಳೆಂಬುದು ಅವರಿಗೆ ಮನದಟ್ಟಾಯಿತು. ಈ ನೋಟವು ಅವರನ್ನು ಜೀವನಪರ್ಯಂತ ಬಿಡಲಿಲ್ಲ.

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ಬಂದರು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸವು ಆರಂಭವಾಯಿತು. ಆ ಮಹಾಕಟ್ಟೆಯನ್ನು ಪರದೇಶದ ಸಿಮೆಂಟನ್ನು ನೆಚ್ಚದೆ ನಮ್ಮಲ್ಲಿಯೇ ದೊರೆಯುವ ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಕಟ್ಟಿದುದು ಗಮನಿಸತಕ್ಕ ಸಂಗತಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಮುಂದಿನ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ವಾಣಿಜ್ಯ ಮಂಡಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಇವೆಲ್ಲವೂ ಒಂದರ ಹಿಂದೊಂದು ತಲೆಯೆತ್ತಿದುವು. ಒಂದು ಕೈಯಲ್ಲಿ ವಿದ್ಯೆ, ಇನ್ನೊಂದು ಕೈಯಲ್ಲಿ ಉದ್ಯಮ. ಇವೆರಡನ್ನೂ ಜೋಡಿಸುವ ಹಣಕಾಸಿನ ವ್ಯವಸ್ಥೆ. ಹೀಗಿತ್ತು ಅವರ ಯೋಜನೆಯ ಸ್ವರೂಪ.

ಅಷ್ಟರಲ್ಲಿ 1914ರ ಮಹಾಯುದ್ಧವು ಸಿಡಿಯಿತು. ಮೈಸೂರಿನ ಗಂಧದ ಮರವನ್ನು ಕೊಂಡು ಎಣ್ಣೆ ತೆಗೆಯುತ್ತಿದ್ದ ಜರ್ಮನಿಯ ಮಾರುಕಟ್ಟೆಯು ಒಮ್ಮೆಲೇ ಮುಚ್ಚಿಹೋಯಿತು. ಗಂಧದ ಕೊರಡುಗಳು ಉಗ್ರಾಣದಲ್ಲಿ ಕೊಳೆಯುವ ಬದಲು ನಮ್ಮಲ್ಲಿಯೇ ಎಣ್ಣೆಯಾಗಲೆಂದು 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯು ಸ್ಥಾಪಿತವಾಯಿತು. ಇತ್ತ ಯಂತ್ರಗಳೂ ಲೋಹದ ಸಾಮಗ್ರಿಗಳೂ ಬರುವುದು ದುಸ್ತರವಾಗಿ ಬೆಲೆಗಳು ಗಗನಕ್ಕೇರಿದುವು. ಹಣವಿದ್ದರೂ ಕಬ್ಬಿಣವು ದೊರೆಯದಂತಹ ಪರಿಸ್ಥಿತಿ. ಶಾಂತಿಕಾಲದಲ್ಲಿ ಅಗ್ಗವೆಂದು ತರಿಸಿಕೊಂಡ ವಸ್ತುವು ಯುದ್ಧಕಾಲದಲ್ಲಿ ಎಷ್ಟು ಹಣ ಕೊಟ್ಟರೂ ಸಿಕ್ಕದೆಂಬ ಪಾಠವನ್ನು ಆ ನಾಲ್ಕು ವರ್ಷಗಳು ಭಾರತಕ್ಕೆಲ್ಲ ಕಲಿಸಿದುವು. ಅಂದು ಭಾರತದಲ್ಲಿ ಹೇಳಿಕೊಳ್ಳುವಂತಹ ಉಕ್ಕಿನ ಕಾರ್ಖಾನೆಯೆಂದರೆ 1907ರಲ್ಲಿ ಸ್ಥಾಪಿತವಾದ ಟಾಟಾ ಸಂಸ್ಥೆಯದೊಂದೇ. ಅದರ ಹಳಿಗಳು ಮೆಸೊಪೊಟೇಮಿಯದ ರಣರಂಗದವರೆಗೂ ಹೋದುವು. ಲೋಹವು ವ್ಯಾಪಾರದ ಸರಕಷ್ಟೇ ಆಗಿರದೆ ರಾಷ್ಟ್ರರಕ್ಷಣೆಯ ಸಾಧನವೂ ಹೌದೆಂಬುದನ್ನು ಆಳುವವರೂ ಒಪ್ಪಬೇಕಾಯಿತು.

ಮೈಸೂರಿನ ಬಾಬಾಬುಡನ್ ಗಿರಿಗಳ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮವಾದ ಕಬ್ಬಿಣದ ಅದಿರಿತ್ತು. ಆದರೆ ಸಂಸ್ಥಾನದಲ್ಲೆಲ್ಲೂ ಕಲ್ಲಿದ್ದಲಿರಲಿಲ್ಲ. ಕಲ್ಲಿದ್ದಲಿಲ್ಲದೆ ಊದುಕುಲುಮೆಯನ್ನು ಉರಿಸುವುದು ಹೇಗೆ? ಮಲೆನಾಡಿನ ಕಾಡಿನ ಮರವನ್ನು ಇದ್ದಿಲು ಮಾಡಿ ಬಳಸಬಹುದೆಂದೂ, ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸುವಾಗ ಹೊರಡುವ ಹೊಗೆಯಿಂದ ಮರಸಾರ, ಟಾರು ಮೊದಲಾದ ಉಪವಸ್ತುಗಳನ್ನು ಪಡೆದು ಮಾರಬಹುದೆಂದೂ ಯೋಜನೆಯು ಸಿದ್ಧವಾಯಿತು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಎಂಬ ಪರಿಣತರ ಸಂಸ್ಥೆಯ ಸಲಹೆಯನ್ನು ಪಡೆಯಲಾಯಿತು. ಭದ್ರಾನದಿಯ ದಂಡೆಯ ಬೆಂಕಿಪುರವು ಆಯ್ಕೆಯಾಯಿತು. 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅಸ್ತಿಭಾರವು ಬಿದ್ದಿತು. ಬೆಂಕಿಪುರವೇ ಮುಂದೆ ಭದ್ರಾವತಿಯೆನಿಸಿತು. ಹಳೆಯ ಹೆಸರು ಊರಿನ ಪಾಲಿಗೆ ಭವಿಷ್ಯವಾಣಿಯಂತೆ ನಿಜವಾಯಿತು.

ಆದರೆ ಕುಲುಮೆಗೆ ಬೆಂಕಿಯು ತಗುಲುವ ಮೊದಲೇ ದಿವಾನರು ಅಧಿಕಾರವನ್ನು ಬಿಟ್ಟರು. ಹಿಂದುಳಿದ ಸಮುದಾಯಗಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಸಾಕಷ್ಟು ಪ್ರಾತಿನಿಧ್ಯವಿರಬೇಕೆಂಬ ಬೇಡಿಕೆಯು ಪ್ರಬಲವಾಗಿ, 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರು. ಈ ವಿಷಯದಲ್ಲಿ ವಿಶ್ವೇಶ್ವರಯ್ಯನವರ ಅಭಿಪ್ರಾಯವು ಬೇರೆಯಾಗಿತ್ತು. ವಿದ್ಯೆಯು ಎಲ್ಲರಿಗೂ ಹರಡಿದರೆ ಉಳಿದುದು ತಾನಾಗಿ ಬರುವುದೆಂದು ಅವರು ನಂಬಿದ್ದರು. ತಲೆಮಾರುಗಳಿಂದ ಬಾಗಿಲ ಹೊರಗೆ ನಿಂತವರಿಗೆ ಆ ನಂಬಿಕೆಯು ಸಾಲದಾಗಿತ್ತು. ಕಾಲವು ಮಹಾರಾಜರ ನಿರ್ಧಾರವನ್ನೇ ಎತ್ತಿಹಿಡಿಯಿತು. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇಂತಹ ಭಿನ್ನಾಭಿಪ್ರಾಯವನ್ನು ಮರೆಮಾಚುವುದು ಸಲ್ಲದು. ಅಧಿಕಾರದಿಂದ ನಿವೃತ್ತರಾದ ಮೇಲೆ ಅವರು ಜಪಾನ್, ಅಮೆರಿಕ, ಯುರೋಪುಗಳನ್ನು ಸುತ್ತಿಬಂದರು. 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಸುಂಕದ ನೀತಿಯನ್ನು ತಾನೇ ನಿರ್ಧರಿಸಿಕೊಳ್ಳಲಾರದ ದೇಶವು ಉದ್ಯಮಗಳನ್ನು ಬೆಳೆಸಲಾರದೆಂಬುದು ಅವರ ದೃಢವಾದ ನಿಲುವಾಗಿತ್ತು.

1923ರ ಆರಂಭದಲ್ಲಿ ಭದ್ರಾವತಿಯ ಊದುಕುಲುಮೆಯಿಂದ ಬೀಡುಕಬ್ಬಿಣವು ಹರಿಯತೊಡಗಿತು. ಕಬ್ಬಿಣವು ಬಂದಿತು, ಬೆಲೆಯು ಬರಲಿಲ್ಲ. ಯುದ್ಧಕಾಲದ ಬೆಲೆಗಳನ್ನು ನಂಬಿ ಹೂಡಿದ ಬಂಡವಾಳ, ಯುದ್ಧಾನಂತರದ ಇಳಿದ ಬೆಲೆಗಳಿಗೆ ಸಿಕ್ಕಿ ನಲುಗಿತು. ಜರ್ಮನಿ, ಬೆಲ್ಜಿಯಂ ಮೊದಲಾದ ದೇಶಗಳ ಕಬ್ಬಿಣ ಉಕ್ಕುಗಳು ನಾಣ್ಯದ ಬೆಲೆ ಕುಸಿದುದರಿಂದ ಇನ್ನಷ್ಟು ಅಗ್ಗವಾಗಿ ಬರುತ್ತಿದ್ದುವು. ಕಾರ್ಖಾನೆಗೆ ನಷ್ಟದ ಮೇಲೆ ನಷ್ಟವಾಯಿತು. ಇದು ಸಂಸ್ಥಾನಕ್ಕೆ ಕಟ್ಟಿಕೊಂಡ ಬಿಳಿಯಾನೆಯೆಂದೂ, ಪ್ರಜೆಗಳ ಹಣವು ಕಾಡಿನಲ್ಲಿ ಸುರಿದ ನೀರಾಯಿತೆಂದೂ ಟೀಕಿಸುವವರು ಹೆಚ್ಚಿದರು. ಮಾಜಿ ದಿವಾನರ ಕೀರ್ತಿಯೇ ಪಣಕ್ಕೆ ಬಿದ್ದಿತು.

ಅದೇ ವರ್ಷ ಮಹಾರಾಜರು ವಿಶ್ವೇಶ್ವರಯ್ಯನವರನ್ನು ಕರೆಯಿಸಿ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಳ್ಳಬೇಕೆಂದರು. ದಿವಾನಗಿರಿಯನ್ನು ನಡೆಸಿದವರು ಒಂದು ಕಾರ್ಖಾನೆಯ ಮೇಲ್ವಿಚಾರಣೆಗೆ ಇಳಿಯುವುದೆಂದರೆ ಲೋಕದ ಕಣ್ಣಿಗೆ ಕಿರಿದಾಗಿ ಕಾಣಬಹುದು. ಅವರು ಹಾಗೆ ಭಾವಿಸಲಿಲ್ಲ. 1923ರಿಂದ 1929ರವರೆಗೆ ಅವರು ಭದ್ರಾವತಿಯ ಹೊಣೆಯನ್ನು ಹೊತ್ತರು. ದುಬಾರಿ ಸಂಬಳದ ವಿದೇಶೀ ತಜ್ಞರ ಸ್ಥಾನಗಳಿಗೆ ಕ್ರಮೇಣ ನಾಡಿನ ಯುವಕರನ್ನು ತರಬೇತುಗೊಳಿಸಿ ತಂದರು. ಒಂದು ಟನ್ ಕಬ್ಬಿಣಕ್ಕೆ ಎಷ್ಟು ಅದಿರು, ಎಷ್ಟು ಇದ್ದಿಲು, ಎಷ್ಟು ಸುಣ್ಣಕಲ್ಲು, ಎಷ್ಟು ಕೂಲಿ ತಗುಲುವುದೆಂಬುದನ್ನು ಲೆಕ್ಕವಿರಿಸಿ, ಎಲ್ಲಿ ಪೋಲಾಗುತ್ತಿತ್ತೋ ಅಲ್ಲಿ ಬಿಗಿ ಮಾಡಿದರು. ಬೀಡುಕಬ್ಬಿಣವನ್ನು ಹಾಗೆಯೇ ಮಾರುವುದಕ್ಕಿಂತ ಎರಕದ ಕೊಳವೆ ಮೊದಲಾದ ಪದಾರ್ಥಗಳನ್ನಾಗಿ ಮಾಡಿ ಮಾರುವುದು ಲಾಭಕರವೆಂದು ಕಂಡು ಆ ದಿಕ್ಕಿನಲ್ಲಿ ಕಾರ್ಯವನ್ನು ವಿಸ್ತರಿಸಿದರು. ಕಾರ್ಖಾನೆಯು ಮೆಲ್ಲಮೆಲ್ಲನೆ ತನ್ನ ದಿನದ ಖರ್ಚನ್ನು ತಾನೇ ದುಡಿದುಕೊಳ್ಳುವ ಸ್ಥಿತಿಗೆ ಬಂದಿತು.

ಇದೇ ವರ್ಷಗಳಲ್ಲಿ ಭಾರತದ ಸುಂಕದ ನೀತಿಯು ಹೊಸ ತಿರುವನ್ನು ಪಡೆಯಿತು. ಸರ್ ಇಬ್ರಾಹಿಂ ರಹಿಂತುಲ್ಲಾ ಅವರ ಅಧ್ಯಕ್ಷತೆಯ ಹಣಕಾಸಿನ ಆಯೋಗವು 1922ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ವಿವೇಚನೆಯಿಂದ ಕೂಡಿದ ರಕ್ಷಣೆಯೆಂಬ ಸೂತ್ರವು ಅದರಿಂದ ಹೊರಟಿತು. ರಕ್ಷಣೆಯನ್ನು ಬೇಡುವ ಉದ್ಯಮಕ್ಕೆ ಮೂರು ಪರೀಕ್ಷೆಗಳು: ನಾಡಿನಲ್ಲಿ ಅದಕ್ಕೆ ಬೇಕಾದ ಕಚ್ಚಾವಸ್ತು, ಕೂಲಿ, ಮಾರುಕಟ್ಟೆಗಳ ಅನುಕೂಲವಿರಬೇಕು, ರಕ್ಷಣೆಯಿಲ್ಲದೆ ಅದು ಬೆಳೆಯಲಾರದಂತಿರಬೇಕು, ಕೊನೆಗೊಂದು ದಿನ ರಕ್ಷಣೆಯನ್ನು ಕಳಚಿ ಲೋಕದ ಸ್ಪರ್ಧೆಯನ್ನು ಎದುರಿಸುವಂತಿರಬೇಕು. ಇವುಗಳ ಜೊತೆಗೆ, ರಾಷ್ಟ್ರದ ರಕ್ಷಣೆಗೆ ಅತ್ಯಗತ್ಯವಾದ ಉದ್ಯಮಗಳಿಗೆ ಇಲ್ಲಿನ ಪರಿಸ್ಥಿತಿಯು ಪ್ರತಿಕೂಲವಲ್ಲದಿದ್ದರೆ ಸಾಕಷ್ಟು ಆಸರೆ ನೀಡಬೇಕೆಂದೂ ಆಯೋಗವು ಹೇಳಿತು. ಲೋಹದ ಸುಂಕಕ್ಕೂ ದೇಶದ ಭದ್ರತೆಗೂ ಗಂಟು ಹಾಕುವ ವಾದವು ಭಾರತದಲ್ಲಿ ನೂರು ವರ್ಷಗಳಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಸುಂಕ ಮಂಡಲಿಯು ಮೊಟ್ಟಮೊದಲು ವಿಚಾರಣೆಗೆ ತೆಗೆದುಕೊಂಡುದು ಉಕ್ಕಿನ ಉದ್ಯಮವನ್ನೇ. 1924ರಲ್ಲಿ ಉಕ್ಕಿನ ಉದ್ಯಮದ ರಕ್ಷಣೆಯ ಶಾಸನವು ಜಾರಿಗೆ ಬಂದಿತು. ಪರದೇಶದ ಉಕ್ಕಿನ ಮೇಲೆ ಸುಂಕವೇರಿತು. ದೇಶದಲ್ಲಿಯೇ ತಯಾರಾದ ರೈಲು ಹಳಿಗಳಿಗೆ ಮೊದಲ ವರ್ಷ ಟನ್ನಿಗೆ 32 ರೂಪಾಯಿ, ಎರಡನೆಯ ವರ್ಷ 26, ಮೂರನೆಯ ವರ್ಷ 20 ರೂಪಾಯಿಗಳ ಸಹಾಯಧನವು ಗೊತ್ತಾಯಿತು. ನಡೆಯಲು ಕಲಿಯುವ ಮಗುವಿನ ಕೈಯನ್ನು ಹಿಡಿದವರು ಬೆರಳನ್ನು ಮೆಲ್ಲನೆ ಸಡಿಲಿಸುವಂತೆ, ವರ್ಷದಿಂದ ವರ್ಷಕ್ಕೆ ಇಳಿಯುವ ಈ ಕ್ರಮದಲ್ಲಿ ಒಂದು ವಿವೇಕವಿತ್ತು. ಆದರೆ ಭದ್ರಾವತಿಗೆ ಈ ಶಾಸನದ ನೆರಳು ಬೀಳಲಿಲ್ಲ. ಅಂದು ಅಲ್ಲಿ ತಯಾರಾಗುತ್ತಿದ್ದುದು ಉಕ್ಕಲ್ಲ, ಬೀಡುಕಬ್ಬಿಣ. ಭಾರತದಲ್ಲಿ ಬೀಡುಕಬ್ಬಿಣವು ಅಗ್ಗವಾಗಿಯೇ ತಯಾರಾಗುವುದರಿಂದ ಅದಕ್ಕೆ ರಕ್ಷಣೆ ಬೇಡವೆಂದು ತೀರ್ಮಾನವಾಗಿತ್ತು. ಈ ಮಾತು ಕಲ್ಲಿದ್ದಲ ಗಣಿಗಳ ಮಗ್ಗುಲಲ್ಲಿದ್ದ ಬಂಗಾಳ ಬಿಹಾರಗಳ ಕುಲುಮೆಗಳಿಗೆ ಸಲ್ಲುವಂತಹುದು. ಮರದ ಇದ್ದಿಲನ್ನು ನಂಬಿದ್ದ ಭದ್ರಾವತಿಗೆ ಸಲ್ಲುವಂತಹುದಲ್ಲ.

ಇದಕ್ಕಿಂತ ಮಿಗಿಲಾದ ವಿಪರ್ಯಾಸವೊಂದಿತ್ತು. ಮೈಸೂರು ಸಂಸ್ಥಾನಕ್ಕೆ ಕಡಲತೀರವಿರಲಿಲ್ಲ. ಮೈಸೂರಿನ ಪ್ರಜೆಯು ಕೊಳ್ಳುವ ಪರದೇಶದ ವಸ್ತುವಿನ ಮೇಲಣ ಸುಂಕವು ಬಂದರಿನಲ್ಲಿ ಬ್ರಿಟಿಷ್ ಭಾರತದ ಬೊಕ್ಕಸಕ್ಕೆ ಸೇರುತ್ತಿತ್ತು. ಆ ಸುಂಕವನ್ನು ಗೊತ್ತುಮಾಡುವ ಶಾಸನಸಭೆಯಲ್ಲಿ ಮೈಸೂರಿಗೆ ದನಿಯಿರಲಿಲ್ಲ. ತೆರುವ ಭಾರವು ತನ್ನದು, ತೀರ್ಮಾನಿಸುವ ಅಧಿಕಾರವು ಪರರದು. ಈ ಅನ್ಯಾಯವನ್ನು ಕುರಿತು ದೇಶೀಯ ಸಂಸ್ಥಾನಗಳು ಮುಂದೆ ಬಟ್ಲರ್ ಸಮಿತಿಯ ಮುಂದೆ ಅಹವಾಲನ್ನು ಹೇಳಿಕೊಂಡುವು.

ದೇಶದೊಳಗೆ ಹೀಗಾದರೆ ಹೊರಗೆ ಇನ್ನೊಂದು ಕಷ್ಟವು ಕಾದಿತ್ತು. ಇದ್ದಿಲಿನಿಂದ ಕರಗಿಸಿದ ಕಬ್ಬಿಣದಲ್ಲಿ ಗಂಧಕದ ಅಂಶವು ಕಡಿಮೆ; ಆದುದರಿಂದ ಉತ್ತಮ ಎರಕದ ಕೆಲಸಕ್ಕೆ ಅದಕ್ಕೆ ಬೇಡಿಕೆಯುಂಟು. ಭದ್ರಾವತಿಯ ಬೀಡುಕಬ್ಬಿಣವು ರೈಲಿನಲ್ಲಿ ಕಡಲತೀರಕ್ಕೂ ಅಲ್ಲಿಂದ ಹಡಗಿನಲ್ಲಿ ಅಮೆರಿಕಕ್ಕೂ ಹೋಗುತ್ತಿತ್ತು. 1922ರ ಅಮೆರಿಕದ ಸುಂಕದ ಶಾಸನವು ಬೀಡುಕಬ್ಬಿಣದ ಮೇಲೆ ಟನ್ನಿಗೆ 75 ಸೆಂಟುಗಳ ಸುಂಕವನ್ನು ವಿಧಿಸಿತ್ತು. ಭಾರತವೇ ಮೊದಲಾದ ಕಡೆಗಳಿಂದ ಅಗ್ಗದ ಕಬ್ಬಿಣವು ಬಂದು ತಮ್ಮ ಕುಲುಮೆಗಳಿಗೆ ಹಾನಿಯಾಗುತ್ತಿದೆಯೆಂದು ಅಲ್ಲಿಯ ಉದ್ಯಮಿಗಳು ದೂರಿತ್ತರು. 1927ರಲ್ಲಿ ಅಧ್ಯಕ್ಷ ಕೂಲಿಜ್ ಅವರು ಆ ಸುಂಕವನ್ನು ಶೇಕಡ 50ರಷ್ಟು ಹೆಚ್ಚಿಸಿ 1 ಡಾಲರ್ 12½ ಸೆಂಟುಗಳಿಗೆ ಏರಿಸಿದರು. ಸಾವಿರಾರು ಮೈಲಿಗಳಾಚೆ ಹಾಕಿದ ಒಂದು ಸಹಿಯಿಂದ ಮಲೆನಾಡಿನ ನಡುವಣ ಕಾರ್ಖಾನೆಯೊಂದರ ಲೆಕ್ಕಪುಸ್ತಕವು ಏರುಪೇರಾಗುವ ಕಾಲವು ಆಗಲೇ ಬಂದಿತ್ತು.

ರಕ್ಷಣಾಸುಂಕವು ಬೇಕೆಂದು ತಮ್ಮ ದೇಶದಲ್ಲಿ ವಾದಿಸಿದವರು ವಿಶ್ವೇಶ್ವರಯ್ಯನವರು. ಪರದೇಶದ ರಕ್ಷಣಾಸುಂಕದ ಪೆಟ್ಟನ್ನು ತಿಂದ ಕಾರ್ಖಾನೆಯ ಅಧ್ಯಕ್ಷರೂ ಅವರೇ. ಸುಂಕವೆಂಬುದು ಎರಡು ಅಲಗಿನ ಕತ್ತಿಯೆಂಬುದು ಅವರ ಅನುಭವಕ್ಕೆ ಬಂದಷ್ಟು ಹತ್ತಿರದಿಂದ ಆ ಕಾಲದ ಇತರರಿಗೆ ಬಂದುದು ವಿರಳ. ಆದರೆ ಇದರಿಂದ ಅವರು ತಮ್ಮ ನಂಬಿಕೆಯನ್ನು ಬಿಡಲಿಲ್ಲ; ಅಮೆರಿಕವನ್ನು ದೂರುತ್ತ ಕುಳಿತುಕೊಳ್ಳಲೂ ಇಲ್ಲ. ಭದ್ರಾವತಿಯಲ್ಲಿ ಅವರು ಹಿಡಿದ ದಾರಿಯೇ ಅವರ ಉತ್ತರವಾಗಿತ್ತು: ತಯಾರಿಕೆಯ ವೆಚ್ಚವನ್ನು ತಗ್ಗಿಸುವುದು, ಕಚ್ಚಾರೂಪದ ಲೋಹಕ್ಕೆ ಬದಲಾಗಿ ಸಿದ್ಧವಸ್ತುಗಳನ್ನು ಮಾಡುವುದು, ನಾಡಿನೊಳಗಿನ ಮಾರುಕಟ್ಟೆಯನ್ನು ಬೆಳೆಸುವುದು, ಮತ್ತು ಬೀಡುಕಬ್ಬಿಣದಿಂದ ಉಕ್ಕಿನೆಡೆಗೆ ಸಾಗುವುದು. ಸುಂಕದ ಗೋಡೆಯು ಮಳೆಗಾಳಿಯನ್ನು ತಡೆಯಬಹುದು. ಒಳಗಿನ ಒಲೆಯನ್ನು ಹೊತ್ತಿಸಬೇಕಾದವರು ಮನೆಯವರೇ. 1927ರಿಂದಲೇ ಅವರು ಟಾಟಾ ಉಕ್ಕಿನ ಸಂಸ್ಥೆಯ ನಿರ್ದೇಶಕರೂ ಆಗಿ ಮುಂದೆ ದಶಕಗಳ ಕಾಲ ಆ ಉದ್ಯಮಕ್ಕೆ ಸಲಹೆ ನೀಡಿದರು.

1929ರಲ್ಲಿ ಅವರು ಭದ್ರಾವತಿಯ ಹೊಣೆಯನ್ನು ಇಳುಹಿದರು. ಆ ವರ್ಷಗಳ ದುಡಿಮೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಸ್ವಂತಕ್ಕೆ ಬಳಸದೆ, ಯುವಕರಿಗೆ ಕಸಬನ್ನು ಕಲಿಸುವ ಸಂಸ್ಥೆಗೆ ವಿನಿಯೋಗಿಸಬೇಕೆಂದು ಬಯಸಿದರು. ಅದರ ಫಲವೇ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ. ಲೋಹದಿಂದ ಬಂದ ಹಣವು ವಿದ್ಯೆಯಾಗಿ ಮಾರ್ಪಟ್ಟಿತು. 1936ರಲ್ಲಿ ಭದ್ರಾವತಿಯಲ್ಲಿ ಉಕ್ಕಿನ ತಯಾರಿಕೆಯು ಆರಂಭವಾಯಿತು. ಕೆಲಕಾಲದಲ್ಲಿಯೇ ಸಿಮೆಂಟಿನ ಕಾರ್ಖಾನೆಯೂ ಅದರ ಜೊತೆಗೂಡಿತು. ಎರಡನೆಯ ಮಹಾಯುದ್ಧವು ಬಂದಾಗ, ಬಿಳಿಯಾನೆಯೆಂದು ಜರಿಯಲ್ಪಟ್ಟಿದ್ದ ಆ ಕಾರ್ಖಾನೆಯು ಕಬ್ಬಿಣ, ಉಕ್ಕು, ಸಿಮೆಂಟುಗಳನ್ನು ನಾಡಿಗೆ ಒದಗಿಸುವ ಆಸರೆಯಾಗಿ ನಿಂತಿತ್ತು.

ಲೋಹದಿಂದ ಯಂತ್ರಕ್ಕೆ ಸಾಗುವುದು ಅವರ ಮುಂದಿನ ಹೆಜ್ಜೆಯಾಗಿತ್ತು. 1935ರಲ್ಲಿ, ಎಪ್ಪತ್ತು ಮೀರಿದ ವಯಸ್ಸಿನಲ್ಲಿ, ಯುರೋಪ್ ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಂಡುಬಂದು, ಬೆಂಗಳೂರಿನಲ್ಲಿ ಅಂತಹುದೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಸೈನ್ಯದ ಸಾಗಾಟಕ್ಕೆ ಬೇಕಾದ ವಾಹನಗಳನ್ನು ದೇಶದಲ್ಲಿಯೇ ತಯಾರಿಸುವುದು ರಕ್ಷಣೆಯ ದೃಷ್ಟಿಯಿಂದಲೂ ಅಗತ್ಯವಾಗಿತ್ತು. ಆದರೆ ಬ್ರಿಟಿಷ್ ಸರ್ಕಾರದ ಒಲವು ದೊರೆಯಲಿಲ್ಲ. ಮೈಸೂರಿನ ಬೆಂಬಲವೂ ಹಿಂದೆಗೆಯಿತು. ಯೋಜನೆಯು ಅಲ್ಲಿಯೇ ನಿಂತಿತು. ದೇಶದ ಭದ್ರತೆಯೆಂಬ ಮಾತಿಗೆ ಯಾರ ದೇಶ, ಯಾರ ಭದ್ರತೆ ಎಂಬ ಪ್ರಶ್ನೆಯು ಸದಾ ಬೆನ್ನಟ್ಟಿರುತ್ತದೆಂಬುದಕ್ಕೆ ಇದೊಂದು ನಿದರ್ಶನ. ಅದೇ ಉದ್ಯಮದಲ್ಲಿ ಆಸಕ್ತರಾಗಿದ್ದ ವಾಲಚಂದ ಹೀರಾಚಂದರು 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧದ ಭಯವು ಹತ್ತಿರವಾದಾಗ, ಮೋಟಾರಿಗೆ ಒಲಿಯದಿದ್ದ ಮನಸ್ಸು ವಿಮಾನಕ್ಕೆ ಒಲಿಯಿತು.

1934ರಲ್ಲಿ ಅವರು ಪ್ರಕಟಿಸಿದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥವು ಹತ್ತು ವರ್ಷಗಳಲ್ಲಿ ದೇಶದ ಆದಾಯವನ್ನು ಇಮ್ಮಡಿಗೊಳಿಸುವ ಗುರಿಯನ್ನು ಮುಂದಿಟ್ಟಿತು. 1941ರಲ್ಲಿ ಅಖಿಲ ಭಾರತ ಉತ್ಪಾದಕರ ಸಂಸ್ಥೆಯನ್ನು ಕಟ್ಟಿ ಅದರ ಅಧ್ಯಕ್ಷರಾಗಿ ದುಡಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಅವರನ್ನರಸಿ ಬಂದಿತು. ನೂರು ವರ್ಷಗಳ ತುಂಬುಬಾಳನ್ನು ಬಾಳಿ 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ದೇಹವಿಟ್ಟರು. ಹುಟ್ಟೂರಾದ ಮುದ್ದೇನಹಳ್ಳಿಯ ಮಣ್ಣೇ ಅವರಿಗೆ ಅಂತಿಮ ವಿಶ್ರಾಂತಿಸ್ಥಾನವಾಯಿತು.

ವಿಧಿಯ ಸೋಜಿಗವೆಂಬಂತೆ ಅದೇ 1962ರ ಅಕ್ಟೋಬರಿನಲ್ಲಿ ಅಮೆರಿಕವು ವಾಣಿಜ್ಯ ವಿಸ್ತರಣೆಯ ಶಾಸನವೊಂದನ್ನು ಅಂಗೀಕರಿಸಿತು. ಆಮದಾಗುವ ವಸ್ತುವೊಂದು ದೇಶದ ಭದ್ರತೆಗೆ ಧಕ್ಕೆ ತರುವುದೆಂದು ಕಂಡುಬಂದರೆ ಅದರ ಮೇಲೆ ನಿರ್ಬಂಧವನ್ನು ಹೇರುವ ಅಧಿಕಾರವನ್ನು ಆ ಶಾಸನದ 232ನೆಯ ಪ್ರಕರಣವು ಅಧ್ಯಕ್ಷರಿಗೆ ನೀಡುತ್ತದೆ. 2018ರಲ್ಲಿ ಅಧ್ಯಕ್ಷ ಟ್ರಂಪ್ ಅವರು ಇದೇ ಪ್ರಕರಣದ ಆಧಾರದ ಮೇಲೆ ಉಕ್ಕಿಗೆ ಶೇಕಡ 25, ಅಲ್ಯೂಮಿನಿಯಂಗೆ ಶೇಕಡ 10ರ ಸುಂಕವನ್ನು ವಿಧಿಸಿದರು. 2025ರ ಮಾರ್ಚಿನಲ್ಲಿ ಎರಡಕ್ಕೂ ಶೇಕಡ 25ರ ಸುಂಕವು ಜಾರಿಗೆ ಬಂದು, ಜೂನ್ ತಿಂಗಳಲ್ಲಿ ಬಹುತೇಕ ದೇಶಗಳ ಪಾಲಿಗೆ ಅದು ಶೇಕಡ 50ಕ್ಕೆ ಏರಿತು. ಮಿತ್ರರಾಷ್ಟ್ರಗಳ ಲೋಹವೂ ಭದ್ರತೆಗೆ ಅಪಾಯವೆನಿಸಿತು. ಬೇರೆಡೆ ಮಾರಾಟವಾಗದ ಉಕ್ಕು ತನ್ನತ್ತ ನುಗ್ಗಬಹುದೆಂಬ ಆತಂಕದಿಂದ ಭಾರತವೂ 2025ರ ಏಪ್ರಿಲಿನಲ್ಲಿ ಕೆಲವು ಬಗೆಯ ಉಕ್ಕಿನ ಮೇಲೆ ಶೇಕಡ 12ರ ತಾತ್ಕಾಲಿಕ ರಕ್ಷಣಾಸುಂಕವನ್ನು ಹಾಕಿತು. ಹೆಸರುಗಳು ಬದಲಾಗಿವೆ, ಅಂಕಿಗಳು ಬೆಳೆದಿವೆ. ವಾದವು 1922ರ ವಾದವೇ.

ಆದರೆ ಈ ವಾದಕ್ಕೆ ಇನ್ನೊಂದು ಮುಖವೂ ಉಂಟು. ಸುಂಕವು ಉಕ್ಕನ್ನು ಮಾಡುವವನಿಗೆ ಆಸರೆಯಾದರೆ, ಉಕ್ಕನ್ನು ಕೊಂಡು ಬಿಡಿಭಾಗ ಮಾಡುವವನಿಗೆ ಹೊರೆಯಾಗುತ್ತದೆ. ಸಿಂಗಸಂದ್ರದಲ್ಲಿಯೋ ಪೀಣ್ಯದಲ್ಲಿಯೋ ನಾಲ್ಕು ಯಂತ್ರಗಳನ್ನಿಟ್ಟುಕೊಂಡು ದುಡಿಯುವವನಿಗೆ ಕಚ್ಚಾ ಉಕ್ಕು ದುಬಾರಿಯಾದರೆ ಒಂದು ನಷ್ಟ, ಅವನು ಮಾಡಿದ ವಸ್ತುವಿಗೆ ಪರದೇಶದಲ್ಲಿ ಸುಂಕ ಬಿದ್ದರೆ ಇನ್ನೊಂದು ನಷ್ಟ. ಭದ್ರಾವತಿಯ ಚರಿತ್ರೆಯೂ ಸುಂಕವೊಂದೇ ಉದ್ಯಮವನ್ನು ಉಳಿಸಲಾರದೆಂಬುದನ್ನು ಸಾರುತ್ತದೆ. ಇದ್ದಿಲಿಗಾಗಿ ಮಲೆನಾಡಿನ ಕಾಡು ತೆತ್ತ ಬೆಲೆಯು ಅಲ್ಪವಲ್ಲ. ಅದರ ಸಂಸ್ಥಾಪಕರ ಹೆಸರನ್ನೇ ಹೊತ್ತ ಆ ಕಾರ್ಖಾನೆಯು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕಾಲಕಾಲಕ್ಕೆ ಹೊಸ ಬಂಡವಾಳವೂ ಹೊಸ ಯಂತ್ರಗಳೂ ಬಾರದೆ ಸೊರಗಿ, 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನವು ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದು ಹೋರಾಡಬೇಕಾಯಿತು. ಊರಿನ ಹೆಸರಿನೊಡನೆ ಬೆರೆತುಹೋದ ಬೆಂಕಿಯನ್ನು ಆರಗೊಡಬಾರದೆಂಬುದು ಅವರ ಮೊರೆಯಾಗಿತ್ತು.

2025ರ ಆಗಸ್ಟಿನಿಂದ ಸಿಂಗಸಂದ್ರದ ನೆತ್ತಿಯ ಮೇಲೆ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಓಡುತ್ತಿದೆ. ಅದರ ಹಳಿ, ಗಾಲಿ, ಕಂಬದೊಳಗಣ ಸರಳು ಎಲ್ಲವೂ ಉಕ್ಕು. ಆ ಉಕ್ಕು ಎಲ್ಲಿಂದ ಬಂದಿತು, ಅದನ್ನು ಮಾಡಿದವರು ಯಾರು, ಒಂದು ದಿನ ಅದು ಬಾರದೆ ಹೋದರೆ ಏನು ಗತಿಯೆಂದು ಕೇಳುವ ವಿದ್ಯಾರ್ಥಿಯು ವಿಶ್ವೇಶ್ವರಯ್ಯನವರ ದಾರಿಯಲ್ಲಿ ಮೊದಲ ಹೆಜ್ಜೆಯನ್ನಿಟ್ಟಂತೆಯೇ ಸರಿ. ಗಡಿಯಲ್ಲಿ ನಿಂತ ಯೋಧನಂತೆ, ಲೆಕ್ಕವನ್ನು ತಪ್ಪಿಲ್ಲದೆ ಬರೆಯುವ ಗುಮಾಸ್ತೆಯೂ, ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಲೋಹವನ್ನು ಕೊರೆಯುವ ಕುಶಲಿಯೂ ದೇಶವನ್ನು ಕಾಯುವವರೇ. ಸುಂಕವನ್ನು ಸರ್ಕಾರಗಳು ಏರಿಸಬಹುದು, ಇಳಿಸಬಹುದು. ಕೈಯ ಕೌಶಲವನ್ನ಼ೂ ಬುದ್ಧಿಯ ಶಿಸ್ತನ್ನೂ ಯಾವ ಸರ್ಕಾರವೂ ಆಮದು ಮಾಡಿಕೊಡಲಾರದು. ಅವನ್ನು ಶಾಲೆಯ ಬೆಂಚಿನ ಮೇಲೆಯೇ ಸಂಪಾದಿಸಿಕೊಳ್ಳಬೇಕು. ತಮಗೆ ಸಲ್ಲಬೇಕಾದ ಹಣವನ್ನು ಕಸಬಿನ ಶಾಲೆಗೆ ಸುರಿದ ಆ ಹಿರಿಯರ ಬಾಳಿನ ಸಾರವು ಇಷ್ಟೇ.